ಮೇನ್ ಸ್ವಿಚ್ ಇಳಿಸುತ್ತಿದ್ದ ಮೈಕಿಚ್ಚ

ಮೈಕಿಚ್ಚ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವರೇ ಕೂರಿಸಿದ ಮೈಕಿನಿಂದ. ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದೆ. ಬಾಂಗಿನ ಹೊತ್ತಲ್ಲದ ಹೊತ್ತಿನಲ್ಲಿ ಮಸೀದಿಯ ಮೈಕಿನಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡರೆ ನಮ್ಮ ಓಣಿಯಲ್ಲಿ ಹಿಂದೂಗಳು, ಬ್ಯಾರಿಗಳು ಎಂದಿಲ್ಲದೆ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತೇವೆ. ಅದು ಸಾವಿನ ಸುದ್ದಿಯೇ ಆಗಿರುತ್ತದೆ. ಹೆಸರು ಹೇಳಿದರು. ನನಗೆ ಯಾರೆಂದು ಹೊಳೆಯಲೇ ಇಲ್ಲ. ಮನೆಯ ಗುರುತು ಹೇಳಿದಾಗ ಸೌಟು ಹಿಟ್ಟಿಗೆ ಬಿತ್ತು. ಇಷ್ಟು ವರ್ಷ ನೆರೆಯಲ್ಲಿದ್ದ ಮನುಷ್ಯನ ಪೂರ್ತಿ ಹೆಸರು ಅವರು ಹೋದ ದಿನ ತಿಳಿಯಬೇಕೇ? ಮೈಕು ಬೇರೆ ಗುಂಯ್ ಎನ್ನುತ್ತಿತ್ತು. ಅವರಿದ್ದಿದ್ದರೆ ಸುದ್ದಿ ಮುಗಿಯುವುದರೊಳಗೆ ಓಡಿಹೋಗಿ ಸರಿಮಾಡುತ್ತಿದ್ದರು.

ನಮ್ಮ ಕಡೆ ಹಿರಿಯ ಬ್ಯಾರಿಗಳ ಹೆಸರಿನ ಕೊನೆಗೆ ಒಂದು ‘ಇಚ್ಚ’ ಸೇರಿಸಿ ಕರೆಯುವುದು ರೂಢಿ. ಅಣ್ಣ ಎನ್ನುವ ಹಾಗೆ. ಇವರಿಗೆ ಹೆಸರಿನ ಜಾಗದಲ್ಲಿ ಕಸುಬೇ ಕೂತುಬಿಟ್ಟಿತ್ತು. ಕುಂಜತ್ತೂರಿನಿಂದ ಮಂಜೇಶ್ವರದವರೆಗೆ ಅವರ ಸ್ಪೀಕರಿನ ಬಾಕ್ಸು ಇಳಿಯದ ಅಂಗಳ ಇಲ್ಲ. ಮದುವೆ, ನೇಮ, ಉರೂಸು, ಭಜನೆ, ಚುನಾವಣೆಯ ಜೀಪು, ಎಲ್ಲದಕ್ಕೂ ಅವರೇ ಬೇಕು. ಸೀತಾಂಗೋಳಿಯ ಒಂದು ಶೆಡ್ಡಿನಲ್ಲಿ ತಮಗೆ ಬೇಕಾದ ಅಳತೆಗೆ ಬಾಕ್ಸು ಮಾಡಿಸಿಕೊಂಡು, ಹಳೇ ವ್ಯಾನಿನಲ್ಲಿ ಹೇರಿಕೊಂಡು ತಿರುಗುತ್ತಿದ್ದರು. ಉದ್ದ ತೋಳಿನ ಬಿಳಿ ಅಂಗಿ, ಮಡಚಿ ಕಟ್ಟಿದ ಲುಂಗಿ, ಎಡಗೈಯಲ್ಲಿ ಬಳೆಯ ಹಾಗೆ ಸಿಕ್ಕಿಸಿಕೊಂಡ ಕಪ್ಪು ಇನ್ಸುಲೇಶನ್ ಟೇಪು. ನಮ್ಮ ಶಾಲೆಯ ಮಕ್ಕಳು “ಇಚ್ಚ, ಬಳೆ ಹಾಕಿದ್ದಾ?” ಎಂದು ಕೆಣಕಿದರೆ, “ಹೌದು, ಮದುವೆಗೆ ಅತ್ತೆ ಕೊಟ್ಟದ್ದು” ಎನ್ನುತ್ತಿದ್ದರು.

ಉಳಿದ ಮೈಕಿನವರ ಹಾಗೆ ಹಲೋ ಹಲೋ ಎಂದು ಊರೆಬ್ಬಿಸುವ ಕ್ರಮ ಅವರದ್ದಲ್ಲ. ಹತ್ತಿರ ಇದ್ದವರ ಕೈಗೆ ಮೈಕ್ ಕೊಟ್ಟು, ಉಗುರಿನಿಂದ ಮೆಲ್ಲಗೆ ಗೀರಲು ಹೇಳಿ, ತಾವು ಅಂಗಳದ ಕೊನೆಗೆ ಹೋಗಿ ತಲೆ ಓರೆ ಮಾಡಿ ನಿಲ್ಲುತ್ತಿದ್ದರು. ತಿರುಗಿ ಬಂದು ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆಯಿತು. ಸೌಂಡ್ ಸಾಲದು, ಜಾಸ್ತಿ ಮಾಡಿ ಎಂದು ಕಾರ್ಯಕ್ರಮದವರು ಪೀಡಿಸುವುದು ಇದ್ದದ್ದೇ. ಒಮ್ಮೆ ವಾರ್ಡ್ ಮೆಂಬರಿಗೆ ನನ್ನೆದುರೇ ಹೇಳಿದ್ದರು: “ಸೌಂಡ್ ಧಾರಾಳ ಉಂಟು ಮಾರಾಯ್ರೇ. ಮಾತಾಡುವವರಲ್ಲಿ ವಿಷಯ ಇಲ್ಲದಿದ್ರೆ ನಾನು ಎಂತ ಮಾಡ್ಲಿ?”

ನನ್ನನ್ನೂ ಬಿಟ್ಟವರಲ್ಲ. ನಾನು ನಮ್ಮ ಓಣಿಯ ಶಾಲೆಯಲ್ಲಿ ಕನ್ನಡ ವಿಭಾಗದ ಟೀಚರ್ ಆಗಿದ್ದವಳು. ಏಳನೇ ಕ್ಲಾಸಿನಲ್ಲಿ ಪದ್ಯ ಹೇಳಿದರೆ ಬಸ್‌ಸ್ಟಾಪಿನಲ್ಲಿ ಅರ್ಥವಾಗುತ್ತಿತ್ತು ಎಂದು ಸಹೋದ್ಯೋಗಿಗಳ ದೂರು. ವಾರ್ಷಿಕೋತ್ಸವದಲ್ಲಿ ನಾನು ಸ್ವಾಗತಕ್ಕೆ ನಿಂತರೆ ಮೈಕಿಚ್ಚ ಬಂದು ಮೈಕನ್ನು ನನ್ನಿಂದ ಒಂದು ಮಾರು ದೂರ ಇಟ್ಟು ಹೋಗುತ್ತಿದ್ದರು. “ಟೀಚರಿಗೆ ಹತ್ತಿರ ಕೊಟ್ರೆ ಬಾಕ್ಸಿಗೆ ಕೆಟ್ಟದ್ದು.”

ಇಂಥವರ ಮನೆ ಸಂಜೆಯಾದರೆ ಕತ್ತಲೆಯಲ್ಲಿ ಮುಳುಗುತ್ತದೆ ಎಂದು ನಾನು ಗಮನಿಸಿದ್ದು ಒಂದು ಮಳೆಗಾಲದ ಕೊನೆಯಲ್ಲಿ. ಮಗ್ರಿಬ್ ನಮಾಜು ಮುಗಿಸಿ ಅವರು ಮಸೀದಿಯಿಂದ ಬರುತ್ತಾರೆ. ಗೇಟು ಹಾಕಿದ ಸದ್ದು. ಸ್ವಲ್ಪ ಹೊತ್ತಿನಲ್ಲಿ ಇಡೀ ಮನೆಯ ದೀಪ ಒಟ್ಟಿಗೇ ಹೋಗುತ್ತದೆ. ರಾತ್ರಿಯ ಇಶಾ ಬಾಂಗ್ ಆದ ಮೇಲೆ ಒಟ್ಟಿಗೇ ಬರುತ್ತದೆ. ಮೊದಲ ದಿನ ಫ್ಯೂಸ್ ಹೋಗಿರಬೇಕೆಂದು ಟಾರ್ಚ್ ಹಿಡಿದು ಗೇಟಿನವರೆಗೆ ಹೋದೆ.

“ಇಚ್ಚ, ನಿಮ್ಮಲ್ಲಿ ಕರೆಂಟ್ ಹೋಗಿದೆ. ನಮ್ಮಲ್ಲೆಲ್ಲ ಉಂಟು.”

ಕತ್ತಲೆಯಿಂದ ಅವರ ಸ್ವರ ಬಂತು, ತೀರಾ ಮೆಲ್ಲಗೆ. “ಹೋದದ್ದಲ್ಲ ಟೀಚರೇ, ತೆಗೆದದ್ದು.”

ಇಷ್ಟೇ. ಗೇಟು ತೆರೆಯಲಿಲ್ಲ, ಯಾಕೆಂದೂ ಹೇಳಲಿಲ್ಲ. ನನಗೆ ಬೇರೆಯವರ ಮನೆಯ ವಿಷಯ ಅರ್ಧ ತಿಳಿದು ಅರ್ಧ ಉಳಿದರೆ ಊಟ ಸೇರುವುದಿಲ್ಲ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ನಾನು ಕಲಿಯುವ ಆಸಕ್ತಿ ಎನ್ನುತ್ತೇನೆ.

ಓಣಿಯಲ್ಲಿ ವಿಚಾರಿಸಿದೆ. ಬಿಲ್ಲು ಉಳಿಸಲಿಕ್ಕೆ ಎಂದು ಕಿರಾಣಿ ಅಂಗಡಿಯವನು ಹೇಳಿದ. ಯಾರೋ ಉಸ್ತಾದರು ಹೇಳಿಕೊಟ್ಟ ಹರಕೆ ಎಂದು ಒಬ್ಬರು. ಹೆಂಡತಿಗೆ ಬೆಳಕು ಆಗುವುದಿಲ್ಲವಂತೆ ಎಂದು ಇನ್ನೊಬ್ಬರು. ಅವರ ಹೆಂಡತಿಗೆ ಅದಕ್ಕೆ ಹಿಂದಿನ ವರ್ಷ ಮಂಗಳೂರಿನಲ್ಲಿ ಕುತ್ತಿಗೆಯ ಗಂಟಿನ ಆಪರೇಶನ್ ಆದದ್ದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಂದ ಆಕೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಸಿಕ್ಕಿದರೂ ಕೈ ಹಿಡಿದು ನಕ್ಕು ಮುಂದೆ ಹೋಗುತ್ತಿದ್ದರು. ದೀಪ ಆರುವುದು ಮಾತ್ರವಲ್ಲ, ಆ ಒಂದು ಗಂಟೆ ಮೈಕಿಚ್ಚನ ಮೊಬೈಲೂ ಸ್ವಿಚ್ ಆಫ್ ಎಂದು ಗಿರಾಕಿಗಳ ಗೊಣಗಾಟ. ಒಮ್ಮೆ ಚುನಾವಣೆಯ ಸಮಯದಲ್ಲಿ ಒಂದು ಪಕ್ಷದವರು ಜೀಪು ತಂದು ಗೇಟಿನ ಹೊರಗೆ ಹಾರ್ನ್ ಹಾಕಿದ್ದಕ್ಕೆ, ಇಚ್ಚ ಹೊರಗೆ ಬಂದು ಮೈಕ್ ಕೊಡುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಕಳಿಸಿದ್ದರಂತೆ. ಬಂದ ಗಿರಾಕಿಯನ್ನು ಬೇಡ ಎನ್ನುವಷ್ಟು ದೊಡ್ಡ ವಿಷಯ ಆ ಕತ್ತಲೆಯಲ್ಲಿ ಎಂಥದ್ದಿರಬಹುದು?

ನನಗೆ ನೆಪ ಸಿಕ್ಕಿತು. ತಂಗಿಯ ಮಗಳ ಮದರಂಗಿಗೆ ಮೈಕ್ ಬೇಕಿತ್ತು. “ನಾಳೆ ಬೆಳಿಗ್ಗೆ ಹೋಗಬಾರದಾ?” ಎಂದರು ಮನೆಯವರು. ಬೆಳಿಗ್ಗೆ ಹೋದರೆ ನನಗೆ ಮೈಕ್ ಮಾತ್ರ ಸಿಗುತ್ತದೆ. ಕತ್ತಲೆಯಾಗುವುದನ್ನೇ ಕಾದು ಹೊರಟೆ.

ಈ ಸಲ ಗೇಟು ತಳ್ಳಿ ಒಳಗೇ ಹೋದೆ. ಸಿಟೌಟಿನ ಕಟ್ಟೆಯಲ್ಲಿ ಚಿಮಿಣಿ ದೀಪ, ಅದರ ಎರಡು ಬದಿಗೆ ಎರಡು ಕುರ್ಚಿ, ಕುರ್ಚಿಯಲ್ಲಿ ಗಂಡ ಹೆಂಡತಿ. ನಾನು ಬಾಯಿ ತೆರೆಯುವ ಮೊದಲೇ ಇಚ್ಚ ಬರಿಗಾಲಿನಲ್ಲಿ ಎದುರು ಬಂದು, ಬೆರಳು ತುಟಿಗಿಟ್ಟು, ಒಳಗಿನಿಂದ ಇನ್ನೊಂದು ಕುರ್ಚಿ ಎತ್ತಿ ತಂದರು. ಎಳೆದು ತರಲಿಲ್ಲ, ಎತ್ತಿ ತಂದರು. ನನ್ನ ಮೊಬೈಲಿಗೆ ಕೈ ಚಾಚಿದರು. ಕೊಟ್ಟೆ. ಅದನ್ನು ಆರಿಸಿ ಅಂಗಳಕ್ಕಿಳಿದು ವ್ಯಾನಿನ ಒಳಗೆ ತಮ್ಮದರ ಜೊತೆ ಇಟ್ಟು ಬಂದರು. ನನಗೆ ಒಳಗೊಳಗೇ ಭಯ ಆಯಿತು, ಇದೆಂಥ ಪೂಜೆಗೆ ಬಂದು ಸಿಕ್ಕಿಬಿದ್ದೆ ಎಂದು.

ಸುಮ್ಮನೆ ಕೂತೆ. ನನ್ನಂಥವಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಬಾವಿಕಟ್ಟೆಯ ಹತ್ತಿರ ಕೀಟ, ಆಮೇಲೆ ತುಂಬಾ ದೂರದಲ್ಲಿ ರೈಲು, ಅದು ಹೋದ ಮೇಲೆ ಅದರ ಹಿಂದೆ ಸಮುದ್ರ. ನಾನು ಹುಟ್ಟಿ ಬೆಳೆದ ಊರು. ನಮ್ಮ ಓಣಿಗೆ ಸಮುದ್ರದ ಸದ್ದು ಬರುತ್ತದೆಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಕತ್ತಲೆಗೆ ಕಣ್ಣು ಹೊಂದುವ ಹಾಗೆ ಕಿವಿಯೂ ನಿಧಾನಕ್ಕೆ ಹೊಂದುತ್ತದೆ ಎಂದೂ ಗೊತ್ತಿರಲಿಲ್ಲ.

ಆಗ ನನ್ನ ಪಕ್ಕದಿಂದ ಒಂದು ಸ್ವರ ಬಂತು. ಸ್ವರ ಎನ್ನುವ ಹಾಗೂ ಇಲ್ಲ, ಉಸಿರಿಗೆ ಮಾತು ಅಂಟಿಕೊಂಡಂತೆ ಇತ್ತು.

“ಟೀಚರಿನ ಸೀರೆಗೆ ಗಂಜಿ ಜಾಸ್ತಿಯಾಗಿದೆ. ಕರಕರ ಹೇಳ್ತದೆ.”

ನಾನು ಬೆಚ್ಚಿದೆ. ಆಕೆ ನಗುತ್ತಿದ್ದರು. ಎಷ್ಟೋ ಸಮಯದ ಮೇಲೆ ಆಕೆಯ ಬಾಯಿಯಿಂದ ಕೇಳಿದ ಮೊದಲ ಮಾತು. ಆಪರೇಶನ್ನಿಗೆ ಮೊದಲು ಆಕೆಯದ್ದು ಅಂಗಳದಿಂದ ಅಂಗಳಕ್ಕೆ ಮುಟ್ಟುವ ಸ್ವರ. ಮೀನಿನವನ ಜೊತೆ ಚೌಕಾಶಿಗೆ ನಿಂತರೆ ಓಣಿಯ ಎಲ್ಲರಿಗೂ ಅದೇ ರೇಟಿಗೆ ಮೀನು ಸಿಗುತ್ತಿತ್ತು. ತಂಗಿಯ ಮಗಳ ಮದುವೆಯ ವಿಷಯ ಕೇಳಿದರು, ನನ್ನ ಮೊಣಕಾಲಿನ ನೋವು ಕೇಳಿದರು. ನಾನೂ ಮೆಲ್ಲಗೆ ಉತ್ತರ ಕೊಟ್ಟೆ. ಹೊಸಬಳು ಬಂದದ್ದರಿಂದ ತಮ್ಮಿಬ್ಬರ ಮಾತನ್ನು ಅವರು ಮುಂದುವರಿಸಲಿಲ್ಲ. ಇಶಾ ಬಾಂಗ್ ಆಯಿತು. ಇಚ್ಚ ಎದ್ದು ಹೋಗಿ ಮೇನ್ ಸ್ವಿಚ್ ಏರಿಸಿದರು. ಒಳಗೆ ಫ್ರಿಜ್ಜು ನಡುಗಿ ಗುರುಗುಟ್ಟಿತು, ಟ್ಯೂಬು ಪಿಣಿಪಿಣಿ ಎಂದಿತು, ಫ್ಯಾನುಗಳು ಗಾಳಿ ಕಡೆದವು, ಯಾವುದೋ ಕೋಣೆಯಲ್ಲಿ ಟೀವಿ ತನ್ನಷ್ಟಕ್ಕೇ ಶುರುವಾಯಿತು. ನಾನು ತಿರುಗಿ ನೋಡಿದೆ. ಆಕೆ ಏನೋ ಹೇಳುತ್ತಿದ್ದರು. ತುಟಿ ಅಲುಗಿದ್ದು ಮಾತ್ರ ಕಾಣಿಸಿತು.

ಗೇಟಿನವರೆಗೆ ಬಿಡಲು ಬಂದ ಇಚ್ಚನನ್ನು ಅಲ್ಲೇ ನಿಲ್ಲಿಸಿದೆ. ಇನ್ನು ಹೇಳದಿದ್ದರೆ ನಾನು ಮನೆಗೆ ಹೋಗುವುದಿಲ್ಲ ಎಂದೆ.

“ಡಾಕ್ಟ್ರು ಮೊದಲೇ ಹೇಳಿದ್ರು ಟೀಚರೇ,” ಎಂದರು. “ಗಂಟು ದೊಡ್ಡದುಂಟು, ಸ್ವರಕ್ಕೆ ತಾಗಬಹುದು ಅಂತ. ಜೀವ ಉಳಿದ್ರೆ ಸಾಕು ಅಂತ ನಾವೇ ಒಪ್ಪಿದ್ದು. ಜೀವ ಉಳೀತು. ಸ್ವರ ಇಷ್ಟೇ ಉಳೀತು. ನಾನು ಚಿಂತೆ ಮಾಡ್ಲಿಲ್ಲ. ಊರಿನವರದ್ದೆಲ್ಲ ಸ್ವರ ದೊಡ್ಡದು ಮಾಡುವವ ನಾನು, ಮನೆಯವಳದ್ದು ಮಾಡ್ಲಿಕ್ಕೆ ಆಗುವುದಿಲ್ವಾ? ಒಂದು ಕಾಲರ್ ಮೈಕ್ ತಂದೆ. ವೈರ್ ಇಲ್ಲದ್ದು. ಅವಳ ಶಾಲಿಗೆ ಸಿಕ್ಕಿಸಿದೆ. ಅಡುಗೆಕೋಣೆಯಲ್ಲಿ ಚಿಕ್ಕ ಬಾಕ್ಸ್ ಇಟ್ಟೆ. ಅವಳಿಗೆ ಮನಸ್ಸಿರ್ಲಿಲ್ಲ. ನನ್ನ ಸಮಾಧಾನಕ್ಕೆ ಹಾಕಿಕೊಂಡ್ಲು.”

ಆಮೇಲೆ ನನ್ನನ್ನೇ ಕೇಳಿದರು. “ನಿಮ್ಮ ಶಾಲೆಯ ಆ ವಾರ್ಷಿಕೋತ್ಸವ ನೆನಪುಂಟಾ?”

ಮರೆಯುವುದು ಹೇಗೆ? ಮುಖ್ಯ ಅತಿಥಿಗಳು ಶಿಸ್ತಿನ ಬಗ್ಗೆ ಮಾತಾಡುತ್ತಿದ್ದರು. ನಡುವೆ ಬಾಕ್ಸಿನಿಂದ ಯಾರೋ ಹೆಂಗಸಿನ ಪಿಸುಸ್ವರ ಮೈದಾನವಿಡೀ ತುಂಬಿತು. ಬೂತಾಯಿ ಮೀನು ಕೆಟ್ಟ ವಾಸನೆ ಬರುತ್ತದೆ ಎಂದಿತು. ಈ ಗಂಡಸಿಗೆ ಮೀನು ನೋಡಿ ತರಲು ಎಂದಿಗೂ ಬರುವುದಿಲ್ಲ ಎಂದಿತು. ಆಮೇಲೆ, ಕುತ್ತಿಗೆಗೆ ಇದನ್ನು ಕಟ್ಟಿ ನನ್ನನ್ನು ದನ ಮಾಡಿ ಇಟ್ಟಿದ್ದಾರೆ ಎಂದು ಅತ್ತಿತು. ಮಕ್ಕಳು ಬೆಂಚಿನಿಂದ ಉರುಳಿ ಉರುಳಿ ನಕ್ಕರು. ಹೆತ್ತವರು ನಕ್ಕರು, ಮುಖ್ಯ ಅತಿಥಿಗಳೂ ನಕ್ಕರು. ಪಕ್ಕದ ಯಾವುದೋ ಮನೆಯ ಟೀವಿ ಸೇರಿಕೊಂಡಿತು ಎಂದು ನಾವು ಅಂದುಕೊಂಡೆವು. ಮೈಕಿಚ್ಚ ಮಾತ್ರ ಮಿಕ್ಸರ್ ಬಿಟ್ಟು ಎದ್ದು, ಎಲ್ಲ ವೈರನ್ನು ಕೈಯಿಂದಲೇ ಕಿತ್ತದ್ದು ನನಗೆ ನೆನಪಿದೆ.

“ಜೋಡಿ ತಗೊಂಡಿದ್ದೆ. ಒಂದು ಮನೆಗೆ, ಒಂದು ಬಾಡಿಗೆಗೆ. ಎರಡೂ ಒಂದೇ ಲೈನಿನಲ್ಲಿ ಮಾತಾಡ್ತದೆ ಅಂತ ನಾನು ನೋಡ್ಲಿಲ್ಲ. ಶಾಲೆಯಿಂದ ನಮ್ಮ ಅಡುಗೆಕೋಣೆಗೆ ಎಷ್ಟು ದೂರ, ಒಂದು ಗೋಡೆ. ಅವಳ ಸ್ವರ ಅಲ್ಲಿ ಬಂದದ್ದು. ಅವಳಿಗೂ ಅಲ್ಲಿಂದ ತನ್ನ ಸ್ವರ ಕೇಳಿದೆ. ಜನ ನಗುವುದೂ ಕೇಳಿದೆ.”

ಆ ಮೇಲೆ ಆಕೆ ಬಾಯಿ ಬಿಡಲಿಲ್ಲವಂತೆ. ಇಡೀ ಮಳೆಗಾಲ ಬರೀ ಕೈಸನ್ನೆ. ಕ್ಷಮಿಸು ಎಂದರೆ ತಲೆಯಾಡಿಸುವುದು, ಊಟ ಆಯಿತಾ ಎಂದರೆ ತಲೆಯಾಡಿಸುವುದು. “ಮನೆಯಲ್ಲಿ ಮನುಷ್ಯ ಉಂಟು, ಮಾತಿಲ್ಲ. ನಂಗೆ ಹುಚ್ಚು ಹಿಡೀಲಿಕ್ಕೆ ಬಾಕಿ ಇತ್ತು ಟೀಚರೇ,” ಎಂದರು. ಅಷ್ಟು ದೊಡ್ಡ ಆಳು, ಗೇಟಿನ ಸರಳು ಹಿಡಿದು ನಿಂತಿದ್ದರು.

ಹಾಗಿರುವಾಗ ಒಂದು ಸಂಜೆ ಗಾಳಿಮಳೆಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಊರಿಗೇ ಕರೆಂಟ್ ಹೋಯಿತು. ಮಳೆ ನಿಂತಿತು, ಕರೆಂಟ್ ಬರಲಿಲ್ಲ. ಇಚ್ಚ ಸಿಟೌಟಿನಲ್ಲಿ ಕೂತಿದ್ದರು. ಒಳಗೆ, ಅಡುಗೆಕೋಣೆಯಲ್ಲಿ, ಆಕೆ ಬೆಕ್ಕಿಗೆ ಬಯ್ಯುತ್ತಿದ್ದರು. ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಹಾಲಿನ ಪಾತ್ರೆಯ ಕಥೆಯಿಡೀ ಬೆಕ್ಕಿಗೆ ಹೇಳುತ್ತಿದ್ದರು.

“ಎರಡು ಕೋಣೆ ಆಚೆಯಿಂದ ಒಂದೊಂದು ಅಕ್ಷರ ಕೇಳ್ತದೆ ಟೀಚರೇ. ಅಷ್ಟು ಚಂದ ಕೇಳ್ತದೆ. ನಾನು ಇಷ್ಟು ವರ್ಷ ಮೈಕ್ ಕಟ್ಟಿದವ, ನಂಗೆ ಹೊಳೀಲೇ ಇಲ್ಲ. ಅವಳ ಸೌಂಡ್ ಕಮ್ಮಿಯಾದದ್ದಲ್ಲ. ನಮ್ಮ ಮನೆಯ ಸೌಂಡ್ ಜಾಸ್ತಿ ಇದ್ದದ್ದು. ಇನ್ನು ಕರೆಂಟ್ ಬಂದ್ರೆ ಎಲ್ಲ ಮುಗೀತಲ್ಲ ಅಂತ ಓಡಿಹೋಗಿ ಮೇನ್ ಇಳಿಸಿದೆ. ಅಲ್ಲಿಂದ ದಿನಾ ಇಳಿಸ್ತೇನೆ.”

ಒಂದೊಂದೇ ಸ್ವಿಚ್ ಆರಿಸಿದರೆ ಸಾಲದೇ ಎಂದು ಕೇಳಿದೆ. ಯಾವುದು ಗುಂಯ್ ಎನ್ನುತ್ತದೆ, ಯಾವುದು ಕಿರ್ ಎನ್ನುತ್ತದೆ ಎಂದು ಹುಡುಕುತ್ತಾ ಹೋದರೆ ಇಶಾ ಬಾಂಗ್ ಆಗುತ್ತದೆ ಎಂದರು. ದಿನವಿಡೀ ಸನ್ನೆಯಲ್ಲಿ ಇರುವವಳು ಆ ಒಂದು ಗಂಟೆಗಾಗಿ ಮಾತು ಕೂಡಿಡುತ್ತಾಳೆ ಎಂದೂ ಹೇಳಿದರು.

ಮನೆಗೆ ಬಂದೆ. ನಮ್ಮಲ್ಲಿ ಟೀವಿಯಲ್ಲಿ ನಾಲ್ಕು ಜನ ಒಟ್ಟಿಗೆ ಚರ್ಚೆ ಮಾಡುತ್ತಿದ್ದರು. ಮನೆಯವರ ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಬಿದ್ದು ಬಿದ್ದು ನಗುವ ವಿಡಿಯೋ. ಗಡಿಯ ಕುಂಜತ್ತೂರಿನಲ್ಲಿ ಇದ್ದೇವಲ್ಲ, ಮೊಬೈಲಿಗೆ ಒಮ್ಮೆ ಕೇರಳದ ಟವರು, ಒಮ್ಮೆ ಕರ್ನಾಟಕದ್ದು. ಅಡುಗೆಕೋಣೆಗೂ ಜಗಲಿಗೂ ನಡುವೆ ಎರಡು ಸಲ ರಾಜ್ಯ ಬದಲಾಗಿ ಟಣ್ ಎಂದು ಸ್ವಾಗತದ ಸಂದೇಶ ಬರುತ್ತದೆ. ಇಷ್ಟರ ನಡುವೆ ನಾನು ನನ್ನ ಏಳನೇ ಕ್ಲಾಸಿನ ಸ್ವರದಲ್ಲಿ ಊಟಕ್ಕೆ ಕರೆಯುತ್ತಿದ್ದೆ. ನನ್ನ ಸ್ವರ ಹೀಗಾದದ್ದು ಶಾಲೆಯಿಂದಲೋ ಮನೆಯಿಂದಲೋ ಎಂದು ಆ ದಿನ ಮೊದಲ ಸಲ ಅನುಮಾನ ಬಂತು.

ಮರುದಿನ ನಮ್ಮ ಮೇನನ್ನೂ ಇಳಿಸಿದೆ. ಮನೆಯವರು ರಂಪ ಮಾಡಿದರು. ಇಬ್ಬರೂ ಕತ್ತಲೆಯಲ್ಲಿ ಮುಖ ತಿರುಗಿಸಿಕೊಂಡು ಕೂತೆವು. ಎರಡನೆಯ ದಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸಿ ಅವರೇ ಎದ್ದುಹೋಗಿ ಬಿಗಿ ಮಾಡಿದರು. ಇನ್ನೊಂದು ದಿನ ಕತ್ತಲೆಯಲ್ಲಿ, “ನಿನ್ನ ಮೀನಿನ ಗಸಿಗೆ ಹುಳಿ ಜಾಸ್ತಿಯಾಗ್ತದೆ” ಎಂದರು. ಎಂದಿನಿಂದ ಎಂದು ಕೇಳಿದೆ. ಮದುವೆಯಾದಂದಿನಿಂದ ಎಂದರು. ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, “ಹೇಳಿದ್ದೆ. ನಿಂಗೆ ಕೇಳ್ಲಿಲ್ಲ” ಎಂದರು. ದಿನವೂ ಅಲ್ಲದಿದ್ದರೂ ವಾರಕ್ಕೆ ಒಂದೆರಡು ಸಂಜೆ ಈಗಲೂ ನಾವು ಹಾಗೆ ಕೂರುತ್ತೇವೆ. ಗಸಿಗೆ ಹುಳಿ ಕಡಿಮೆ ಮಾಡಿದ್ದೇನೆ. ನನಗೆ ಅದು ಸಪ್ಪೆ.

ಆದರೆ ನನ್ನ ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು. ನಮಗೆ ಅರ್ಧ ಗಂಟೆಯಲ್ಲಿ ಮಾತು ಮುಗಿಯುತ್ತದೆ. ಆ ಗಂಡ ಹೆಂಡತಿ ದಿನಾ, ವರ್ಷಗಟ್ಟಲೆ, ಎಂತ ಮಾತಾಡುತ್ತಾರೆ? ಇಚ್ಚನನ್ನು ಕೇಳಿದರೆ ಟೇಪನ್ನು ಮುಂಗೈಯಲ್ಲಿ ತಿರುಗಿಸುತ್ತಾ ನಗುತ್ತಿದ್ದರು. “ಅದು ಅವಳತ್ರ ಕೇಳಬೇಕು. ನನ್ನದು ಬರೀ ಮೈಕಿನ ಕೆಲಸ.”

ನಾನು ನಿವೃತ್ತಳಾದ ದಿನ ಬೀಳ್ಕೊಡುಗೆಗೆ ಮೈಕ್ ಕಟ್ಟಲು ಅವರೇ ಬಂದಿದ್ದರು. ನನ್ನ ಮಾತಿನ ಸರದಿ ಬಂದಾಗ ಸ್ವರವೇ ಹೊರಡಲಿಲ್ಲ. ಇಚ್ಚ ಮೆಲ್ಲಗೆ ವೇದಿಕೆಗೆ ಬಂದು ಮೈಕನ್ನು ನನ್ನ ಬಾಯಿಯ ಹತ್ತಿರಕ್ಕೆ ಸರಿಸಿ ಇಳಿದು ಹೋದರು. ಅಷ್ಟು ವರ್ಷಗಳಲ್ಲಿ ಅದೊಂದೇ ಸಲ. ನನಗೆ ಆಗ ಅಳು ಬಂದದ್ದು ಶಾಲೆ ಬಿಡುವುದಕ್ಕೋ ಅದಕ್ಕೋ ಈಗಲೂ ಗೊತ್ತಿಲ್ಲ.

ಅವರು ಹೋದದ್ದು ಈ ವರ್ಷ, ಬೇಸಗೆ ಶುರುವಾಗುವಾಗ. ಬೆಳಗಿನ ನಮಾಜಿಗೆ ಹೋಗಿ ಬಂದವರು ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೇ. ಶಾರ್ಜಾದಲ್ಲಿದ್ದ ದೊಡ್ಡ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ. ಗಂಡ ತೀರಿದ ಮೇಲಿನ ಇದ್ದತ್ ಮುಗಿಯುವವರೆಗೆ ಉಮ್ಮ ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ, ಒಬ್ಬರೇ ಇರುವುದು ಬೇಡ ಎಂದು ರಜೆ ಹಾಕಿ ನಿಂತ. ಒಳ್ಳೆಯ ಮಗ. ಉಮ್ಮನ ಕೋಣೆಗೆ ಏಸಿ ಹಾಕಿಸಿದ. ಹೊತ್ತು ಹೋಗಲಿ ಎಂದು ದೊಡ್ಡ ಟೀವಿ ತಂದ. ಗಲ್ಫಿನಲ್ಲಿರುವ ತಮ್ಮಂದಿರು, ತಂಗಿ, ಭಾವಂದಿರು ದಿನಕ್ಕೆ ಹತ್ತು ಸಲ ವಿಡಿಯೋ ಕಾಲ್ ಮಾಡುತ್ತಿದ್ದರು.

ಕೆಲವು ವಾರ ಕಳೆದು ಒಂದು ಸಂಜೆ ನಾನು ಹೋದಾಗ ಕೋಣೆಯಲ್ಲಿ ಮಕ್ಕಳು ಟೀವಿಯ ಕಾರ್ಟೂನಿನ ಮುಂದೆ ಕುಣಿಯುತ್ತಿದ್ದವು. ಏಸಿಯ ಜೊತೆ ಫ್ಯಾನೂ ತಿರುಗುತ್ತಿತ್ತು. ಸೊಸೆ ಮೊಬೈಲನ್ನು ಅತ್ತೆಯ ಮುಖದ ಹತ್ತಿರ ಹಿಡಿದಿದ್ದಳು. ಅದರೊಳಗೆ ಮಗಳು, “ಉಮ್ಮಾ, ಎಂತದಾದ್ರೂ ಹೇಳಿ ಉಮ್ಮಾ” ಎಂದು ಅಳುತ್ತಿದ್ದಳು. ಆಕೆಯ ತುಟಿ ಅಲುಗಿತು. “ಕೇಳಿಸುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಕಾಣ್ತದೆ,” ಎಂದಳು ಮಗಳು. ಸೊಸೆ ಮೊಬೈಲನ್ನು ಕಿಟಕಿಯ ಹತ್ತಿರ ಒಯ್ದಳು.

ಮಗ ನನ್ನನ್ನು ಹೊರಗೆ ಕರೆದ. “ಮೊದಲು ಕಾಲ್ ಮಾಡಿದ್ರೆ ಉಮ್ಮನ ಮಾತನ್ನು ಉಪ್ಪನೇ ಹೇಳ್ತಿದ್ರು. ಉಪ್ಪ ಹೋದ ಮೇಲೆ ಉಮ್ಮ ಮಾತೇ ಬಿಟ್ಟಿದ್ದಾರೆ ಟೀಚರೇ. ಒಂದು ಶಬ್ದ ಇಲ್ಲ. ಮನಸ್ಸಿಗೆ ತಾಗಿರಬೇಕು. ಡಾಕ್ಟ್ರನ್ನು ಮನೆಗೇ ಕರೆಸುವುದಾ ಅಂತ ನೋಡ್ತಾ ಇದ್ದೇನೆ.”

“ಮಾತು ಬಿಟ್ಟಿಲ್ಲ ಮಗಾ,” ಎಂದೆ. “ಆಡ್ತಾ ಇದ್ದಾರೆ. ನಿಮಗೆ ಕೇಳ್ತಾ ಇಲ್ಲ. ಒಂದು ಗಂಟೆ ಮೇನ್ ಇಳಿಸು.”

“ಉಪ್ಪನ ಹಾಗೆಯಾ?” ಅವನ ಮುಖ ಸಣ್ಣದಾಯಿತು. “ಆ ಹೊತ್ತಿಗೆ ಫೋನ್ ಮಾಡಿದ್ರೆ ಉಪ್ಪ ಒಂದು ದಿನವೂ ಎತ್ತಿದವರಲ್ಲ ಟೀಚರೇ. ನಾವು ಅಲ್ಲಿ ಕೆಲಸ ಬಿಟ್ಟು ಬಂದು ಕಾಲ್ ಮಾಡುವುದು. ಎಷ್ಟು ಸಲ ಜಗಳ ಆಗಿದೆ.”

ಇಚ್ಚ ಮಕ್ಕಳಿಗೆ ಕಾರಣ ಹೇಳಿರಲಿಲ್ಲ. ಹೆಂಡತಿಯ ಸ್ವರ ಮೈದಾನದಲ್ಲಿ ಬಂದ ಕಥೆ ಹೇಳಬೇಕಾಗುತ್ತದಲ್ಲ, ಅದಕ್ಕಿರಬೇಕು. ನಾನು ಹೇಳಿದೆ. ಅವನು ಕೇಳುತ್ತಾ ಚಪ್ಪಲಿಯ ತುದಿ ನೋಡುತ್ತಾ ನಿಂತ. ಆಮೇಲೆ ಮೀಟರ್ ಬೋರ್ಡಿನ ಹತ್ತಿರ ಹೋದ.

ಕಾರ್ಟೂನು ನಡುವೆ ನಿಂತಿತು. ಮಕ್ಕಳು ಗಲಾಟೆ ಎಬ್ಬಿಸಿದವು, ಸೊಸೆ ಅವನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಫ್ಯಾನಿನ ರೆಕ್ಕೆ ತಿರುಗಿ ತಿರುಗಿ ನಿಂತಿತು. ಮೇಣದ ಬತ್ತಿ ಹಚ್ಚಿ ನಾವು ಮೂವರೂ ಕೂತೆವು. ಮಗ ಉಮ್ಮನ ಬಾಯಿಯ ಹತ್ತಿರ ಕಿವಿ ತರಲು ಹೋದ. ಬೇಡ, ಸುಮ್ಮನೆ ಕೂತಿರು ಎಂದು ನಾನು ಸನ್ನೆ ಮಾಡಿದೆ. ಕಿವಿ ಹೊಂದಬೇಕಲ್ಲ, ಅದಕ್ಕೆ ಅದರದ್ದೇ ಹೊತ್ತು ಬೇಕು.

“ಎಷ್ಟು ದಿನದಿಂದ ಹೇಳ್ತಾ ಇದ್ದೇನೆ,” ಎಂದಿತು ಆ ಸ್ವರ. “ಆ ಏಸಿ ತೆಗಿ ಮೋನೇ. ನಂಗೆ ಚಳಿ ಆಗ್ತದೆ.”

ಮಗ ನೆಲಕ್ಕೆ ಕೂತು ಉಮ್ಮನ ಮಡಿಲಿಗೆ ತಲೆ ಇಟ್ಟ. ಆಕೆ ಅವನ ಬೆನ್ನು ತಟ್ಟುತ್ತಾ ಇದ್ದರು. ಆದರೂ ನಾನು ನಾನೇ ಅಲ್ಲವೇ? ಕೊನೆಗೆ ಕೇಳಿಯೇ ಬಿಟ್ಟೆ.

“ಅಕ್ಕ, ದಿನಾ ಸಂಜೆ ನೀವಿಬ್ಬರೂ ಎಂತ ಮಾತಾಡ್ತಿದ್ದದ್ದು?”

“ಇಬ್ಬರು ಎಂತ,” ಎಂದರು. “ನಾನೊಬ್ಬಳೇ. ಅವರು ಒಂದೂ ಮಾತಾಡ್ತಿರ್ಲಿಲ್ಲ. ನಾನು ನಿಲ್ಲಿಸಿದ್ರೆ ‘ಮತ್ತೆ?’ ಅಂತ ಕೇಳುವುದು. ಅಷ್ಟೇ. ಗೊತ್ತಿದ್ದ ಕಥೆಗೂ ‘ಮತ್ತೆ?’ ಅಂತ ಕೇಳುವುದು.” ಮಗನ ಬೆನ್ನ ಮೇಲಿನ ಕೈ ತೆಗೆಯದೆ, “ಇನ್ನು ಯಾರು ಕೇಳ್ತಾರೆ?” ಎಂದರು.

ಇಚ್ಚನಿಗೆ ಇಷ್ಟವಾದ ಒಂದು ಕಥೆ ಹೇಳಿ ಎಂದೆ. ಆಕೆ ಮಗನ ತಲೆಗೂದಲಲ್ಲಿ ಬೆರಳಾಡಿಸುತ್ತಾ ಶುರುಮಾಡಿದರು. ಆಕೆಯ ಅಕ್ಕನ ಮದುವೆ. ಮೈಕ್ ಕಟ್ಟಲು ಒಬ್ಬ ತೆಳ್ಳಗಿನ ಹುಡುಗ ಬಂದಿದ್ದ, ಕಸುಬಿಗೆ ಹೊಸಬ. ಮೈಕಿನ ಹಾರ್ನ್ ಹಿಡಿದು ಅಂಗಳದ ಮಾವಿನ ಮರ ಹತ್ತಿದ. ಕಟ್ಟಿ ಮುಗಿಸಿ ಕೆಳಗೆ ನೋಡುತ್ತಾನೆ, ಚಪ್ಪರದವರು ಏಣಿ ತೆಗೆದುಕೊಂಡು ಹೋಗಿದ್ದಾರೆ. ಕೂಗಿದರೆ ಮದುವೆಗೆ ಬಂದ ಜನವೆಲ್ಲ ನಗುತ್ತಾರೆ. ಗೆಲ್ಲಿನ ಮೇಲೆ ಸುಮ್ಮನೆ ಕೂತ. ನೀರಿಗೆ ಬಂದ ಆಕೆ ಮಾತ್ರ ತಲೆ ಎತ್ತಿ ನೋಡಿದರು. ಪರ ಗಂಡಸಿನ ಹತ್ತಿರ ಮಾತಾಡುವ ಹಾಗಿಲ್ಲ. ಅವನೂ ಬಾಯಿ ಬಿಡಲಿಲ್ಲ, ಏಣಿ ಏಣಿ ಎಂದು ಕೈಯಲ್ಲೇ ತೋರಿಸಿದ.

ಆಕೆ ನಿಲ್ಲಿಸಿದರು. ಮೇಣದ ಬತ್ತಿಯ ಬೆಳಕಿನಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ದೂರದಲ್ಲಿ ಸಮುದ್ರ ಕೇಳಿಸುತ್ತಿತ್ತು.

“ಮತ್ತೆ?” ಎಂದೆ ನಾನು.

“ಅಷ್ಟು ಅವಸರ ಎಂತದು ಟೀಚರೇ,” ಎಂದರು ಆಕೆ. “ಅವರು ಇನ್ನೂ ಮರದಲ್ಲೇ ಇದ್ದಾರೆ.”